ಕಾಲುಚೀಲದ ಒಳಮೈ: ದೋಹಾದಲ್ಲಿ ಕಲಿತ ಒಂದು ಹೆಣಿಗೆ ಪಾಠ

"ದೋಹಾದಲ್ಲಿ ಕೂತು ಸಾಕ್ಸ್ ಹೆಣೀತೀರೇನ್ರೋ? ಹೊರಗೆ 45 ಡಿಗ್ರಿ ಇದೆ!"

ನಮ್ಮ ಕೈಯಲ್ಲಿ ಕಡ್ಡಿ, ದಾರ ಕಂಡವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ನಮ್ಮ ಉತ್ತರವೂ ಈಗ ಬಾಯಿಪಾಠ ಆಗಿಬಿಟ್ಟಿದೆ. ಹೊರಗೆ ಬಿಸಿಲು ನಿಜ, ಆದರೆ ನಾವು ದಿನದ ಮುಕ್ಕಾಲು ಭಾಗ ಇರೋದು ಎಸಿ ಒಳಗೆ. ಲ್ಯಾಬ್, ಮೆಟ್ರೋ, ಕತಾರ್ ನ್ಯಾಷನಲ್ ಲೈಬ್ರರಿ ಎಲ್ಲಾ ಕಡೆ ಮೊದಲು ತಣ್ಣಗಾಗೋದು ಕಾಲು. ಜನವರಿಯ ರಾತ್ರಿಗಳಲ್ಲಂತೂ ಇಲ್ಲಿ 13-14 ಡಿಗ್ರಿಗೆ ಇಳಿಯುತ್ತೆ.

ಆದರೆ ನಾವು ಹೆಣಿಗೆ ಶುರು ಮಾಡಿದ್ದು ನಮ್ಮ ಕಾಲಿಗಲ್ಲ. ಒಂದೇ ಫ್ಲಾಟಿನಲ್ಲಿ ಇರುವ ನಾವು ಮೂವರೂ ಇಂಜಿನಿಯರಿಂಗ್ ಮುಗಿಸಿ ಸ್ನಾತಕೋತ್ತರ ಓದಲು ಬಂದವರು. ನಮ್ಮಲ್ಲೊಬ್ಬನ ಊರು ದಾವಣಗೆರೆ. ಅವನ ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ವರ್ಷ ಅವರ ಕಿರುಬೆರಳ ಪಕ್ಕ ಗಾಯವಾಯಿತು. ಕಾರಣ ಹುಡುಕಿದರೆ, ಅಂಗಡಿಯಿಂದ ತಂದ ಸಾಕ್ಸಿನ ತುದಿಯಲ್ಲಿ ಒಳಗಡೆ ಇರುವ ದಪ್ಪ ಹೊಲಿಗೆ. ಅದು ದಿನವಿಡೀ ಉಜ್ಜುತ್ತಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳಬಹುದು. ನೋವು ಗೊತ್ತಾಗದಿದ್ದರೆ ಗಾಯವೂ ಗೊತ್ತಾಗುವುದಿಲ್ಲ. ಆ ಸಣ್ಣ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

ಅದೇ ಸಮಯದಲ್ಲಿ ಲ್ಯಾಬಿನಲ್ಲಿ ನಮ್ಮ ಜೊತೆಗಿದ್ದ ಟರ್ಕಿಯ ಸಹಪಾಠಿಯೊಬ್ಬಳು ಬಿಡುವಿನಲ್ಲಿ ಸಾಕ್ಸ್ ಹೆಣೆಯುತ್ತಿದ್ದಳು. ಅದರಲ್ಲಿ ಎಲ್ಲೂ ಹೊಲಿಗೆ ಇರಲಿಲ್ಲ. "ನಮಗೂ ಕಲಿಸು" ಅಂದೆವು. ಅವಳು ಕಲಿಸಿದ್ದು, ನಾವು ತಪ್ಪಿದ್ದು, ತಿದ್ದಿಕೊಂಡದ್ದು ಎಲ್ಲಾ ಸೇರಿಸಿ ಈ ಪಾಠ ಬರೆಯುತ್ತಿದ್ದೇವೆ.

1. ನೇಯ್ಗೆ ಬೇರೆ, ಹೆಣಿಗೆ ಬೇರೆ

ಕತಾರಿನ ಮರುಭೂಮಿಯ ಬೆದೂಯಿನ್ ಹೆಂಗಸರ ಕಸುಬು 'ಸದು' ನೇಯ್ಗೆ. ಕುರಿಯ ಉಣ್ಣೆ, ಒಂಟೆ ಮತ್ತು ಮೇಕೆಯ ಕೂದಲು ನೂತು, ನೆಲಕ್ಕೆ ಹಾಸಿದ ಮಗ್ಗದ ಮೇಲೆ ಗುಡಾರದ ಪಟ್ಟಿ, ದಿಂಬು, ಒಂಟೆಯ ಅಲಂಕಾರ ನೇಯುತ್ತಾರೆ. ಕೊಲ್ಲಿಯ ಬೇರೆ ದೇಶಗಳಲ್ಲೂ ಇರುವ ಈ ಕಲೆಯನ್ನು ಯುನೆಸ್ಕೋ 2011ರಲ್ಲಿ ಯುಎಇ ಹೆಸರಲ್ಲಿ, 2020ರಲ್ಲಿ ಸೌದಿ ಅರೇಬಿಯಾ ಮತ್ತು ಕುವೈತ್ ಹೆಸರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ನಮ್ಮ ಕಡೆಯ ಕಂಬಳಿಯ ಹಾಗೆ ಸದು ಕೂಡ ನೇಯ್ಗೆ. ಅಂದರೆ ಹಾಸು ಒಂದು ಕಡೆ, ಹೊಕ್ಕು ಇನ್ನೊಂದು ಕಡೆ, ಎಳೆಗಳು ನೇರ. ಎಳೆದರೆ ಹೆಚ್ಚು ಹಿಗ್ಗದು. ಗುಡಾರಕ್ಕೆ ಬೇಕಾದ್ದೂ ಅದೇ.

ಹೆಣಿಗೆಯಲ್ಲಿ ಇರೋದು ಒಂದೇ ಎಳೆ. ಅದು ಕುಣಿಕೆಯೊಳಗೆ ಕುಣಿಕೆಯಾಗಿ ಹಾವಿನಂತೆ ಬಳುಕುತ್ತಾ ಹೋಗುತ್ತೆ. ಎಳೆದಾಗ ಮೊದಲು ಕುಣಿಕೆಗಳು ಆಕಾರ ಬದಲಿಸುತ್ತವೆ, ದಾರ ಹಿಗ್ಗಬೇಕಾಗಿಯೇ ಇಲ್ಲ. ಬಿಟ್ಟರೆ ಮತ್ತೆ ಹಳೆಯ ಆಕಾರಕ್ಕೆ ಬರುತ್ತವೆ. ಕಾಲಿಗೆ ಅಂಟಿ ನಿಲ್ಲುವ, ಆದರೆ ಬಿಗಿಯದ ಬಟ್ಟೆ ಇದರಿಂದಲೇ ಸಾಧ್ಯ.

ಇದು ಯುರೋಪಿನ ಚಳಿದೇಶದ ಕಲೆ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಇವತ್ತಿಗೆ ಉಳಿದಿರುವ ಅತಿ ಹಳೆಯ ಹೆಣೆದ ಸಾಕ್ಸ್‌ಗಳು ಸಿಕ್ಕಿದ್ದು ಈಜಿಪ್ಟಿನಲ್ಲಿ. ಸುಮಾರು 11ರಿಂದ 14ನೇ ಶತಮಾನದವು, ಹತ್ತಿಯ ದಾರದವು, ನೀಲಿ-ಬಿಳಿ ಬಣ್ಣದವು. ಅದಕ್ಕೂ ಹಿಂದೆ, ಸುಮಾರು 1600 ವರ್ಷ ಹಳೆಯ, ಚಪ್ಪಲಿ ಪಟ್ಟಿಗೆ ಹೊಂದುವಂತೆ ಹೆಬ್ಬೆರಳು ಬೇರೆ ಮಾಡಿದ ಕೆಂಪು ಕಾಲುಚೀಲಗಳೂ ಈಜಿಪ್ಟಿನಲ್ಲಿ ಸಿಕ್ಕು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಅವು ಒಂದೇ ಸೂಜಿಯಿಂದ ಮಾಡಿದ, ಹೆಣಿಗೆಗಿಂತ ಹಳೆಯ ಬೇರೆ ವಿಧಾನದವು. ಹಾಗಾಗಿ ಮರಳುಗಾಡಲ್ಲಿ ಸಾಕ್ಸ್ ಹೆಣೆಯೋದು ನಗುವ ವಿಷಯ ಏನೂ ಅಲ್ಲ.

2. ಅಳತೆ

ಹೆಣಿಗೆಯಲ್ಲಿ ಅರ್ಧ ಕೆಲಸ ಅಳತೆಯದು. ವಿಡಿಯೋ ಕಾಲ್ ಮಾಡಿ "ಅಪ್ಪಾಜಿ, ಕಾಲು ತೋರ್ಸಿ" ಅಂದರೆ ಅವರು ನಾಚಿಕೊಂಡು ಪಂಚೆ ಎಳೆದುಕೊಂಡರು. "ಕಾಲೇನ್ ನೋಡ್ತೀಯ ಬಿಡಲೇ." ಹಬ್ಬಹರಿದಿನದಲ್ಲಿ ಆ ಪಾದ ಮುಟ್ಟಿ ನಮಸ್ಕಾರ ಮಾಡಿದ್ದ ಮಗ, ಅದನ್ನು ಸರಿಯಾಗಿ ನೋಡಿದ್ದು ಅವತ್ತೇ ಮೊದಲು ಅಂತ ಆಮೇಲೆ ನಮ್ಮ ಹತ್ತಿರ ಹೇಳಿದ.

ಅಮ್ಮ ದಾರ ಹಿಡಿದು, ಸ್ಕೇಲಿಗೆ ಇಟ್ಟು ಹೇಳಿದರು: ಪಾದದ ಸುತ್ತಳತೆ 23 ಸೆಂ.ಮೀ., ಉದ್ದ 25 ಸೆಂ.ಮೀ. ಅಳತೆ ಸಂಜೆ ತಗೊಳ್ಳಿ. ದಿನವಿಡೀ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತೆ.

ಇನ್ನು ದಾರದ ಅಳತೆ. ನಾವು ತಂದಿದ್ದು ಹತ್ತಿ ಮಿಶ್ರಿತ ಮೆತ್ತನೆಯ ಸಣ್ಣ ದಾರ, 50 ಗ್ರಾಂನ ಉಂಡೆಗಳು, ಮತ್ತು 2.5 ಮಿ.ಮೀ. ದಪ್ಪದ, ಎರಡೂ ತುದಿ ಚೂಪಾದ ಐದು ಕಡ್ಡಿ. ಮೊದಲು ಅಂಗೈಯಗಲ ಒಂದು ತುಂಡು ಹೆಣೆದು ಎಣಿಸಿ. ನಮಗೆ 10 ಸೆಂ.ಮೀ. ಅಗಲಕ್ಕೆ 28 ಕುಣಿಕೆ, ಉದ್ದಕ್ಕೆ 40 ಸಾಲು ಬಂತು. ನಿಮ್ಮ ಕೈಬಿಗಿಗೆ ಬೇರೆ ಬರಬಹುದು. ನಿಮ್ಮದನ್ನೇ ಲೆಕ್ಕಕ್ಕೆ ತಗೊಳ್ಳಿ.

ಸಾಮಾನ್ಯವಾಗಿ ಸಾಕ್ಸನ್ನು ಪಾದಕ್ಕಿಂತ ಶೇಕಡಾ 10ರಷ್ಟು ಕಿರಿದಾಗಿ ಹೆಣೆಯುತ್ತಾರೆ, ಜಾರದಿರಲಿ ಅಂತ. ಸಕ್ಕರೆ ಕಾಯಿಲೆಯವರಿಗೆ ಬಿಗಿ ಬೇಡ, ಹಾಗಾಗಿ ನಾವು ಶೇಕಡಾ 5 ಮಾತ್ರ ಕಳೆದೆವು. 23ರಲ್ಲಿ ಶೇಕಡಾ 5 ಕಳೆದರೆ ಸುಮಾರು 21.9. ಅದನ್ನು 2.8ರಿಂದ ಗುಣಿಸಿದರೆ 61. ನಾಲ್ಕರಿಂದ ಭಾಗವಾಗುವ ಹತ್ತಿರದ ಸಂಖ್ಯೆ 60. ನಮ್ಮ ಸಾಕ್ಸ್ 60 ಕುಣಿಕೆಯದು.

3. ಬಾಯಿಂದ ಹಿಮ್ಮಡಿಗೆ

60 ಕುಣಿಕೆಗಳನ್ನು ನಾಲ್ಕು ಕಡ್ಡಿಗೆ 15ರಂತೆ ಹಂಚಿ, ಐದನೆಯ ಕಡ್ಡಿಯಿಂದ ಸುತ್ತು ಸುತ್ತಾಗಿ ಹೆಣೆಯಿರಿ. ಮೊದಲ 4 ಸೆಂ.ಮೀ. ಎರಡು ಸೀದಾ, ಎರಡು ಉಲ್ಟಾ. ಇದರಿಂದ ಬಾಯಿಗೆ ಸ್ಪ್ರಿಂಗಿನ ಗುಣ ಬರುತ್ತೆ, ರಬ್ಬರ್ ಹಾಕಬೇಕಿಲ್ಲ. ಆಮೇಲೆ ಬರೀ ಸೀದಾ. ಒಟ್ಟು 15 ಸೆಂ.ಮೀ. ಆಗುವ ತನಕ, ಅಂದರೆ 60 ಸುತ್ತು.

ಇಲ್ಲಿಗೆ ನಿಮ್ಮ ಕೈಯಲ್ಲಿರೋದು ಒಂದು ಕೊಳವೆ. ಕಾಲು ಮಾತ್ರ ಎಲ್ ಆಕಾರದ್ದು. ಕೊಳವೆಯನ್ನು ಬಗ್ಗಿಸೋದು ಹೇಗೆ? ಮುತ್ತುಗದ ಎಲೆಯನ್ನು ದೊನ್ನೆ ಮಾಡುವಾಗ ಅಂಚನ್ನು ಮಡಚಿ ಕಡ್ಡಿ ಚುಚ್ಚುತ್ತಾರಲ್ಲ, ಚಪ್ಪಟೆಯಾದದ್ದು ಬಟ್ಟಲಾಗಬೇಕಾದರೆ ಅಂಚು ಚಿಕ್ಕದಾಗಲೇಬೇಕು. ಎಲೆಯಲ್ಲಿ ಅದು ಮಡಿಕೆಯಾಗುತ್ತೆ. ಕಾಲಡಿಗೆ ಮಡಿಕೆ ಬಂದರೆ ಕಷ್ಟ. ಹೆಣಿಗೆಯಲ್ಲಿ ಮಡಿಕೆ ಇಲ್ಲದೆಯೇ, ಕುಣಿಕೆ ಕಡಿಮೆ ಮಾಡುತ್ತಾ ಬಟ್ಟಲು ಮಾಡಬಹುದು. ಹೀಗೆ:

ಒಂದು: 30 ಕುಣಿಕೆಗಳನ್ನು ಪಾದದ ಮೇಲ್ಭಾಗಕ್ಕೆ ಹಾಗೇ ಬಿಡಿ. ಉಳಿದ 30ರ ಮೇಲೆ ಹಿಂದೆ-ಮುಂದೆ 30 ಸಾಲು ಹೆಣೆಯಿರಿ, ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿ. ಇದು ಹಿಮ್ಮಡಿಯ ಹಿಂದಿನ ಪಟ್ಟಿ.

ಎರಡು: 17 ಸೀದಾ, ಎರಡು ಸೇರಿಸಿ ಒಂದು, 1 ಸೀದಾ, ತಿರುಗಿಸಿ. 1 ದಾಟಿಸಿ, 5 ಉಲ್ಟಾ, ಎರಡು ಸೇರಿಸಿ ಒಂದು, 1 ಉಲ್ಟಾ, ತಿರುಗಿಸಿ. ಈಗ ಎರಡೂ ಪಕ್ಕ 10-10 ಕುಣಿಕೆ ಕಾಯುತ್ತಿರುತ್ತವೆ, ನಡುವೆ ಒಂದೊಂದು ಸಂದು ಕಾಣುತ್ತೆ. ಪ್ರತಿ ಸಾಲಲ್ಲೂ ಆ ಸಂದಿನ ಆಚೆ-ಈಚೆಯ ಎರಡನ್ನು ಸೇರಿಸಿ, ಇನ್ನೊಂದು ಹೆಣೆದು ತಿರುಗಿಸಿ. ಎಲ್ಲಾ ಮುಗಿದಾಗ 18 ಉಳಿಯಬೇಕು. ಬಟ್ಟೆ ತಾನಾಗಿ ಗುಳಿ ಬಿದ್ದು ಹಿಮ್ಮಡಿ ಆಗಿರುತ್ತೆ. ಮೊದಲ ಸಲ ಇದನ್ನು ಕಂಡಾಗ ಮೂವರೂ ರಾತ್ರಿ ಒಂದು ಗಂಟೆಗೆ ಕೂಗಿಕೊಂಡಿದ್ದೆವು.

ಮೂರು: ಪಟ್ಟಿಯ ಎರಡೂ ಅಂಚಿನಿಂದ 16-16 ಕುಣಿಕೆ ಎತ್ತಿಕೊಳ್ಳಿ. 18, 32, ಮೇಲ್ಭಾಗದ 30 ಸೇರಿ 80. ಈಗ ಮತ್ತೆ ಸುತ್ತಾಗಿ ಹೆಣೆಯುತ್ತಾ, ಸುತ್ತು ಬಿಟ್ಟು ಸುತ್ತು ಎರಡೂ ಪಕ್ಕ ಒಂದೊಂದು ಕಡಿಮೆ ಮಾಡಿ. 20 ಸುತ್ತಿಗೆ ಮತ್ತೆ 60 ಆಗುತ್ತೆ.

4. ಹೊಲಿಗೆ ಇಲ್ಲದ ತುದಿ

ನಾವು ಕಲಿಯಲು ಹೊರಟಿದ್ದೇ ಇದಕ್ಕಾಗಿ. ಸಾಕ್ಸಿನ ಪಾದ ನಿಜವಾದ ಪಾದಕ್ಕಿಂತ 1 ಸೆಂ.ಮೀ. ಚಿಕ್ಕದಿರಲಿ, ನಮ್ಮ ಲೆಕ್ಕಕ್ಕೆ 24. ತುದಿಗೆ 4.5 ಸೆಂ.ಮೀ. ಬೇಕು, ಹಾಗಾಗಿ ಹಿಮ್ಮಡಿಯಿಂದ 19.5 ಆದಾಗ ಇಳಿಸಲು ಶುರು ಮಾಡಿ. ಸುತ್ತು ಬಿಟ್ಟು ಸುತ್ತು ನಾಲ್ಕು ನಾಲ್ಕು ಕಡಿಮೆ ಮಾಡುತ್ತಾ 32ಕ್ಕೆ ತನ್ನಿ, ಆಮೇಲೆ ಪ್ರತಿ ಸುತ್ತೂ ಕಡಿಮೆ ಮಾಡಿ 16ಕ್ಕೆ ನಿಲ್ಲಿಸಿ. ಮೇಲೆ 8, ಕೆಳಗೆ 8.

ಈ ಎರಡು ಸಾಲುಗಳನ್ನು ಹೊಲಿದು ಮುಚ್ಚಿದರೆ ಮತ್ತೆ ಅದೇ ದಪ್ಪ ಅಂಚು. ಬದಲಿಗೆ ದಾರವನ್ನು ಸೂಜಿಗೆ ಪೋಣಿಸಿ, ಹೆಣಿಗೆಯ ಕುಣಿಕೆ ಹೋಗುವ ದಾರಿಯಲ್ಲೇ ಸೂಜಿ ಓಡಿಸಿ, ನಡುವೆ ಇನ್ನೊಂದು ಸಾಲು ಹೆಣೆದ ಹಾಗೆ ಮಾಡಬೇಕು. ಈ ಜೋಡಣೆಗೆ ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಯುದ್ಧಮಂತ್ರಿ ಕಿಚನರ್ ಹೆಸರು ಅಂಟಿಕೊಂಡಿದೆ. ಸೈನಿಕರಿಗಾಗಿ ಮನೆಮನೆಯಲ್ಲಿ ಸಾಕ್ಸ್ ಹೆಣೆದ ಕಾಲ ಅದು. ದಿನವಿಡೀ ಬೂಟಿನಲ್ಲಿರುವ ಕಾಲಿಗೂ, ನೋವು ತಿಳಿಯದ ಕಾಲಿಗೂ ಬೇಕಾದ್ದು ಒಂದೇ.

ಒಂದು ಸಾಕ್ಸಿಗೆ ಎಷ್ಟು ಕುಣಿಕೆ ಅಂತ ಕೂಡಿಸಿ ನೋಡಿದೆವು: ಸುಮಾರು 9,600. ಪರೀಕ್ಷೆ, ಅಸೈನ್‌ಮೆಂಟ್ ನಡುವೆ ಮೊದಲ ಜೊತೆಗೆ ಏಳು ವಾರ ಬೇಕಾಯಿತು.

5. ನಾವು ಮಾಡಿದ ತಪ್ಪು

ಊರಿಗೆ ಹೊರಟ ಗೆಳೆಯರ ಬ್ಯಾಗಿನಲ್ಲಿ ಸಾಕ್ಸ್ ದಾವಣಗೆರೆ ಮುಟ್ಟಿತು. ಕಳಿಸುವ ಮುಂಚೆ ಎಲ್ಲಾ ಕಡೆಯಿಂದ ಫೋಟೋ ತೆಗೆದಿದ್ದೆವು, ಸ್ಟೇಟಸ್ಸಿಗೂ ಹಾಕಿದ್ದೆವು. ಅಪ್ಪ ಹಾಕಿಕೊಳ್ಳೋದನ್ನು ನೋಡಬೇಕು ಅಂತ ಮೂವರೂ ಫೋನಿನ ಮುಂದೆ ಕೂತೆವು.

ಅಮ್ಮ ಮೊದಲು ತಮ್ಮ ಕೈ ಒಳಗೆ ಹಾಕಿದರು. ಅವರು ಒಂದು ಕಾಲಕ್ಕೆ ವೈರ್ ಬ್ಯಾಗ್ ಹೆಣೆದು ಓಣಿಗೆಲ್ಲ ಕೊಟ್ಟವರು. ವೈರಿನ ತುದಿ ಒಳಗೆ ಚುಚ್ಚುತ್ತಾ ಅಂತ ಕೈಯಾಡಿಸಿ ನೋಡೋದು ಅವರಿಗೆ ಅಭ್ಯಾಸ. ಬೆರಳು ಒಂದು ಕಡೆ ನಿಂತಿತು.

"ಇದೇನೋ, ಒಳಗೆ ಗಂಟು ಐತಲ್ಲೋ?"

ನಮಗೆ ತಕ್ಷಣ ಹೊಳೆಯಿತು. ಒಂದು ಸಾಕ್ಸಿಗೆ 50 ಗ್ರಾಂಗಿಂತ ಸ್ವಲ್ಪ ಹೆಚ್ಚು ದಾರ ಬೇಕಾಗಿತ್ತು. ಉಂಡೆ ಮುಗಿದಾಗ ಹೊಸ ಎಳೆಗೆ ಗಟ್ಟಿಯಾಗಿ ಗಂಟು ಹಾಕಿ ಮುಂದುವರಿದಿದ್ದೆವು. ಉಂಡೆ ಮುಗಿದಿದ್ದು ಸರಿಯಾಗಿ ಬೆರಳುಗಳ ಬುಡದಲ್ಲಿ, ಅಂಗಾಲಿನ ಕಡೆ. ಯಾವ ಉಬ್ಬು ಬೇಡ ಅಂತ ಏಳು ವಾರ ಹೆಣೆದೆವೋ, ಆ ಉಬ್ಬನ್ನು ನಾವೇ ಕೈಯಾರೆ ಇಟ್ಟಿದ್ದೆವು. ಅಪ್ಪ ಹಾಕಿಕೊಂಡಿದ್ದರೆ "ಚೆನ್ನಾಗೈತಪ್ಪ" ಅಂತಲೇ ಹೇಳುತ್ತಿದ್ದರು, ಯಾಕಂದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾವು ತೆಗೆದ ಹತ್ತಾರು ಫೋಟೋಗಳಲ್ಲಿ ಒಳಮೈಯದು ಒಂದೂ ಇರಲಿಲ್ಲ.

ಆ ಜೊತೆ ಈಗ ಅಮ್ಮನ ಹತ್ತಿರ ಇದೆ, ಚಳಿಗೆ ಅವರೇ ಹಾಕಿಕೊಳ್ಳುತ್ತಾರೆ. ನಾವು ಎರಡನೆಯ ಜೊತೆ ಶುರು ಮಾಡಿದೆವು. ಈ ಸಲ ಪಾಲಿಸಿದ ನಿಯಮಗಳು ಇವು, ನೀವೂ ಬರೆದಿಟ್ಟುಕೊಳ್ಳಿ:

• ಗಂಟು ಹಾಕಲೇಬೇಡಿ. ಹಳೆಯ ಎಳೆ, ಹೊಸ ಎಳೆ ಎರಡನ್ನೂ ಜೊತೆಗೆ ಹಿಡಿದು ಆರೇಳು ಕುಣಿಕೆ ಹೆಣೆಯಿರಿ.
• ಈ ಜೋಡಣೆಯೂ ಸ್ವಲ್ಪ ದಪ್ಪವೇ. ಅದು ಕಣಕಾಲಿನ ಮೇಲಿರಲಿ, ಅಂಗಾಲಲ್ಲಿ ಬೇಡ. ದಾರ ಸಾಲದು ಅನ್ನಿಸಿದರೆ ಹಿಮ್ಮಡಿಗೆ ಮುಂಚೆಯೇ ಉಂಡೆ ಬದಲಿಸಿ.
• ತಿಳಿ ಬಣ್ಣದ ದಾರ ಆರಿಸಿ. ಗಾಯವಾಗಿ ರಕ್ತ, ಕೀವು ಸೋರಿದರೆ ಕಲೆ ಕಣ್ಣಿಗೆ ಬೀಳಬೇಕು. ನಮ್ಮ ಮೊದಲ ಜೊತೆ ಕಡುನೀಲಿ!
• ಮುಗಿದ ಮೇಲೆ ಒಳಮೈ ಹೊರಗೆ ತಿರುಗಿಸಿ, ಕಣ್ಣು ಮುಚ್ಚಿ ಬೆರಳಾಡಿಸಿ. ನಿಮ್ಮ ಬೆರಳಿಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಸರಿಮಾಡಿ.
• ಕೈಹೆಣಿಗೆಯ ಸಾಕ್ಸ್ ಔಷಧಿಯಲ್ಲ. ಪಾದಗಳನ್ನು ದಿನಾ ನೋಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯಬಾರದು. ಗಾಯ ಇದ್ದವರು ಇದನ್ನು ಹಾಕಬಹುದಾ ಅಂತ ಡಾಕ್ಟರನ್ನೇ ಕೇಳಬೇಕು.

ಎರಡನೆಯ ಜೊತೆ ಐದು ವಾರಕ್ಕೆ ಮುಗಿಯಿತು, ತಿಳಿ ಕೆನೆ ಬಣ್ಣದ್ದು. ಅಮ್ಮ ಮತ್ತೆ ಒಳಗೆ ಕೈ ಹಾಕಿ, ಹಿಮ್ಮಡಿ, ಅಂಗಾಲು, ತುದಿ ಎಲ್ಲಾ ಕಡೆ ಬೆರಳಾಡಿಸಿದರು. ನಾವು ವೈವಾ ಪರೀಕ್ಷೆಗೆ ನಿಂತವರ ಹಾಗೆ ಉಸಿರು ಬಿಗಿಹಿಡಿದಿದ್ದೆವು. "ಹ್ಞೂಂ, ಹಾಕ್ಕೊಳ್ರಿ" ಅಂದರು ಅಪ್ಪನಿಗೆ.

ಈಗ ದಿನಾ ರಾತ್ರಿ ನಮ್ಮ ಗೆಳೆಯ ಕಾಲ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಇರುತ್ತೆ. ಅಪ್ಪ ಈಗ ನಾಚಿಕೊಳ್ಳೋದಿಲ್ಲ. ಸಾಕ್ಸ್ ಬಿಚ್ಚಿ, ಮೊದಲು ಬಲ, ಆಮೇಲೆ ಎಡ ಪಾದವನ್ನು ಕ್ಯಾಮೆರಾಗೆ ಹಿಡಿಯುತ್ತಾರೆ. ನಾವು ಅಲ್ಲೇ ಕೂತಿದ್ದರೆ ನಮಗೂ ತೋರಿಸುತ್ತಾರೆ.

ಕಲಿಯಬೇಕು ಅನ್ನಿಸಿದವರು ಮೊದಲು ಮನೆಗೆ ಫೋನ್ ಮಾಡಿ, ಒಬ್ಬರ ಪಾದದ ಅಳತೆ ತರಿಸಿಕೊಳ್ಳಿ. ಕಡ್ಡಿ, ದಾರ ನಮ್ಮ ಹತ್ತಿರ ಇವೆ.