ಬರಿದಾದ ಸಮಾಧಿಯ ಬನ್ನು

ಪ್ರಶ್ನೆ: ನನ್ನ ಆರು ಮತ್ತು ಒಂಬತ್ತು ವರ್ಷದ ಮಕ್ಕಳಿಗೆ ಈಸ್ಟರ್ ಎಂದರೆ ಚಾಕೊಲೇಟ್ ಮೊಟ್ಟೆ ಮಾತ್ರ. ಹಬ್ಬದ ಅರ್ಥವನ್ನು ಅಡುಗೆಮನೆಯಲ್ಲೇ ತಿಳಿಸಬಹುದೇ?

ಉತ್ತರ: ಅವಶ್ಯವಾಗಿ ತಿಳಿಸಬಹುದು, ಮಾರ್ಗಗಳು ಎರಡುಂಟು. ಶುಭ ಶುಕ್ರವಾರದಂದು ಬನ್ನಿನ ಮೇಲೆ ತೆಳುವಾಗಿ ಕಲಸಿದ ಮೈದಾದಿಂದ ಮಕ್ಕಳ ಕೈಯಲ್ಲೇ ಶಿಲುಬೆಯನ್ನೆಳೆಯಿಸಿ ಯೇಸುವಿನ ಮರಣವನ್ನು ಸಂಕ್ಷೇಪವಾಗಿ ಹೇಳುವುದು ಮೊದಲನೆಯದು. ಭಾನುವಾರ ಪುನರುತ್ಥಾನದ ಬನ್ನು ಮಾಡುವುದು ಎರಡನೆಯದು. ಈ ವಯಸ್ಸಿಗೆ ಎರಡನೆಯದೇ ಹೆಚ್ಚು ಮನಮುಟ್ಟೀತು.

ಬಿಳಿಯ ಮಾರ್ಷ್‌ಮೆಲೋ ಮಿಠಾಯಿಯೊಂದನ್ನು ಯೇಸುವಿನ ದೇಹವೆಂದು ಭಾವಿಸಿ, ಕರಗಿದ ಬೆಣ್ಣೆಯಲ್ಲದ್ದಿ, ದಾಲ್ಚಿನ್ನಿ ಬೆರೆತ ಸಕ್ಕರೆಯಲ್ಲಿ ಹೊರಳಿಸುವಾಗ, ಸ್ತ್ರೀಯರು ಸುಗಂಧದ್ರವ್ಯಗಳನ್ನು ಕೊಂಡ ಪ್ರಸಂಗವನ್ನು ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದಿಂದ ಓದಿರಿ. ಅನಂತರ ಅದನ್ನು ಶವವಸ್ತ್ರದಂತೆ ಬನ್ನಿನ ಕಣಕದಲ್ಲಿ ಸುತ್ತಿ, ಅಂಚುಗಳನ್ನು ಬಿಗಿಯಾಗಿ ಚಿವುಟಿ, 190 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್ನಿನಲ್ಲಿ ಸುಮಾರು 15 ನಿಮಿಷ, ಹೊಂಬಣ್ಣ ಬರುವವರೆಗೆ ಬೇಯಿಸಿರಿ. ಅಂಚು ಬಿಟ್ಟರೆ ಒಳಗೆ ಕರಗಿದ ಮಿಠಾಯಿಯ ಪಾಕವು ಹೊರಹರಿಯುತ್ತದೆ. ಚೆನ್ನಾಗಿ ಆರಿದ ಮೇಲೆ ಮಕ್ಕಳೇ ಮುರಿಯಲಿ. ಒಳಗಣ ಟೊಳ್ಳನ್ನು ಕಂಡು ಅವರು ಪ್ರಶ್ನಿಸಿದಾಗ ಬರಿದಾದ ಸಮಾಧಿಯ ಮಾತನ್ನೆತ್ತಿ, ಕರಗಿದ್ದು ಮಿಠಾಯಿಯೇ ಹೊರತು ಯೇಸುವಲ್ಲ, ಆತನು ಜೀವಂತನಾಗಿ ಎದ್ದನೆಂದು ಸ್ಪಷ್ಟಪಡಿಸಿರಿ.

ಓವನ್ನಿನ ಕೆಲಸ ನಿಮ್ಮದೇ ಆಗಿರಲಿ. ಸಾವಿನ ಕಥೆಯಿಂದ ಮಗು ವಾರಗಟ್ಟಲೆ ನಿದ್ದೆಗೆಟ್ಟರೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನೂ, ಧರ್ಮಸಂದೇಹಗಳಿಗೆ ನಿಮ್ಮ ಚರ್ಚಿನ ಪಾದ್ರಿಗಳನ್ನೂ ಕಾಣಿರಿ.