ಸಂಕ್ಷಿಪ್ತ ಸಂಕೇತಗಳೂ ಸಂದಿಗ್ಧತೆಯೂ

ಹೊಸದುರ್ಗ ತಾಲ್ಲೂಕಿನಲ್ಲಿ 'ಬಾಗೂರು' ಎಂದರೆ ಯಾವ ಊರೆಂದು ಯಾರೂ ಕೇಳುವುದಿಲ್ಲ. ಆದರೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೂ ಬಾಗೂರೆಂಬ ಊರುಂಟು. ಹೊಸದುರ್ಗವಾದರೂ ಚಿತ್ರದುರ್ಗ ಜಿಲ್ಲೆಯಲ್ಲಿರುವಂತೆ ಕಾಸರಗೋಡು ಜಿಲ್ಲೆಯಲ್ಲಿಯೂ ಇದೆ. ಆದುದರಿಂದಲೇ ವಿಳಾಸದಲ್ಲಿ ಊರಿನೊಡನೆ ತಾಲ್ಲೂಕು, ಜಿಲ್ಲೆಗಳನ್ನೂ ಬರೆಯುತ್ತೇವೆ. ಹೆಸರು ಚಿಕ್ಕದಾದಷ್ಟೂ ಬರೆಯಲು ಸುಲಭ. ಆದರೆ ಅದು ಒಂದೇ ವಸ್ತುವನ್ನು ಸೂಚಿಸಬೇಕು. ಗಣಕಯಂತ್ರಕ್ಕೆ ಆಜ್ಞೆ ಕೊಡುವಾಗಲೂ ಈ ನಿಯಮವು ಬಹಳ ಮುಖ್ಯವಾದುದು.

ಅಕ್ಷರಗಳನ್ನು ಬೆರಳಚ್ಚಿಸಿ ಯಂತ್ರಕ್ಕೆ ಕೆಲಸ ಹೇಳುವ ಪದ್ಧತಿಯಲ್ಲಿ ಮೊದಲು ಆಜ್ಞೆಯ ಹೆಸರನ್ನೂ, ಅನಂತರ ಆ ಕೆಲಸವು ಹೇಗೆ ನಡೆಯಬೇಕೆಂಬ ಸೂಚನೆಯನ್ನೂ ಬರೆಯುತ್ತಾರೆ. ಈ ಸೂಚನೆಗೆ 'ಆಯ್ಕೆ' ಎನ್ನೋಣ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಇವರು ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯಲ್ಲಿ, ಒಂದು ಅಡ್ಡಗೆರೆ ಮತ್ತು ಅದರ ಮುಂದೆ ಒಂದೇ ಅಕ್ಷರ, ಇದು ಆಯ್ಕೆಯ ರೂಪವಾಗಿ ಬೆಳೆಯಿತು. ನಿಧಾನವಾದ ಟೆಲಿಟೈಪ್ ಯಂತ್ರಗಳ ಆ ಕಾಲದಲ್ಲಿ ಒಂದು ಅಕ್ಷರದ ಉಳಿತಾಯವೂ ಲಾಭವೇ. ಆದರೆ ಇಂಗ್ಲಿಷಿನ ಸಣ್ಣ ಅಕ್ಷರಗಳು 26, ದೊಡ್ಡವು 26, ಅಂಕಿಗಳು 10. ಒಟ್ಟು ದೊರೆಯುವ ಸಂಕೇತಗಳು 62 ಮಾತ್ರ.

ಹೀಗಾಗಿ ಒಂದೇ ಅಕ್ಷರಕ್ಕೆ ಬೇರೆ ಬೇರೆ ಆಜ್ಞೆಗಳಲ್ಲಿ ಬೇರೆ ಬೇರೆ ಅರ್ಥಗಳು ಬಂದುವು. ಸಣ್ಣ 'ಐ' ಅಕ್ಷರವನ್ನು ನೋಡಿರಿ. ಪದಗಳನ್ನು ಹುಡುಕುವ 'ಗ್ರೆಪ್' ಆಜ್ಞೆಯಲ್ಲಿ ಅದು 'ದೊಡ್ಡ, ಸಣ್ಣ ಅಕ್ಷರಗಳ ಭೇದವನ್ನೆಣಿಸಬೇಡ' ಎಂಬರ್ಥವುಳ್ಳದ್ದು. ಕಡತಗಳನ್ನು ಅಳಿಸುವ 'ಆರ್‌ಎಂ' ಆಜ್ಞೆಯಲ್ಲಿ 'ನನ್ನನ್ನು ಕೇಳಿ ಅಳಿಸು' ಎಂದರ್ಥ. ಪಠ್ಯವನ್ನು ತಿದ್ದುವ 'ಸೆಡ್' ಆಜ್ಞೆಯಲ್ಲಾದರೋ 'ಮೂಲ ಕಡತವನ್ನೇ ಬದಲಾಯಿಸು' ಎಂದರ್ಥ! ಮೊದಲನೆಯದನ್ನು ಕಲಿತ ವಿದ್ಯಾರ್ಥಿಯು ಅದೇ ಭಾವನೆಯಿಂದ ಮೂರನೆಯದನ್ನು ಬಳಸಿದರೆ, ಪ್ರತಿಯನ್ನಿಟ್ಟುಕೊಳ್ಳದಿದ್ದಲ್ಲಿ, ಮೂಲ ಬರಹವು ಕೈತಪ್ಪುತ್ತದೆ.

ಇದಕ್ಕೆ ಪರಿಹಾರವಾಗಿ ಎರಡು ಅಡ್ಡಗೆರೆಗಳ ಮುಂದೆ ಪೂರ್ಣ ಪದವನ್ನು ಬರೆಯುವ ರೂಢಿಯು ಬಂದಿತು. ಗ್ನೂ ಯೋಜನೆಯ ಸಾಧನಗಳಲ್ಲಿ ಈ ಪದವನ್ನು ಮೊಟಕುಗೊಳಿಸಲೂಬಹುದು. ಉಳಿದ ಭಾಗವು ಒಂದೇ ಆಯ್ಕೆಗೆ ಹೊಂದಬೇಕು, ಅಷ್ಟೆ. 'ವರ್ಬೋಸ್' (ವಿವರವಾಗಿ ಹೇಳು), 'ವರ್ಷನ್' (ಆವೃತ್ತಿಯನ್ನು ತಿಳಿಸು) ಎಂಬೆರಡೂ ಇರುವಲ್ಲಿ 'ವರ್' ಎಂದಷ್ಟೇ ಬರೆದರೆ ಯಂತ್ರವು ಊಹಿಸದೆ, ಇದು ಸಂದಿಗ್ಧವೆಂದು ಹೇಳಿ ನಿಲ್ಲುತ್ತದೆ. ಆದರೆ ಇಂದು ಸ್ಪಷ್ಟವಾಗಿರುವ ಮೊಟಕು ರೂಪವು, ನಾಳೆ ಅದೇ ಅಕ್ಷರಗಳಿಂದಾರಂಭವಾಗುವ ಹೊಸ ಆಯ್ಕೆಯೊಂದು ಸೇರಿದೊಡನೆ ಕೆಡುವುದು. ಆದುದರಿಂದ ಬಹುಕಾಲ ಉಳಿಯಬೇಕಾದ ಕ್ರಮವಿಧಿಗಳಲ್ಲಿ ಪೂರ್ಣ ಪದವನ್ನೇ ಬರೆಯುವುದು ಕ್ಷೇಮ.

ಸಾಧನವನ್ನು ರಚಿಸುವವರು ಮೂರು ಸಂಗತಿಗಳನ್ನು ಮನಗಾಣಬೇಕು. ಪದೇ ಪದೇ ಬೇಕಾಗುವ ಆಯ್ಕೆಗೆ ಮಾತ್ರ ಒಂದಕ್ಷರದ ಹೆಸರು ಸಲ್ಲುತ್ತದೆ. ರೂಢಿಯಲ್ಲಿ ಬಂದ ಅರ್ಥವನ್ನು ಕಾರಣವಿಲ್ಲದೆ ಬದಲಿಸಬಾರದು. ಹಾನಿಕರವಾದ ಕೆಲಸಕ್ಕೆ ನಿರುಪದ್ರವಿಯಾದ ಆಯ್ಕೆಯನ್ನು ಹೋಲುವ ಸಂಕೇತವಿರಕೂಡದು.

ಅಭ್ಯಾಸಕ್ಕಾಗಿ ಒಂದು ಪ್ರಶ್ನೆ: ಅಂಕಪಟ್ಟಿಯನ್ನು ನೋಡಿಕೊಳ್ಳುವ ಸಾಧನವೊಂದಕ್ಕೆ 'ತೋರಿಸು', 'ತಿದ್ದು', 'ತೆಗೆ' ಎಂಬ ಆಯ್ಕೆಗಳಿರಲಿ. ಮೂರೂ 'ತ'ಕಾರದಿಂದಲೇ ಆರಂಭವಾಗುತ್ತವೆ. ಅದರ ಮೇಲೆ, ಬಾಗಿಲನ್ನೂ 'ತೆಗೆ'ಯುತ್ತೇವೆ, ಕಸವನ್ನೂ 'ತೆಗೆ'ಯುತ್ತೇವೆ. ಪಟ್ಟಿಯನ್ನು ತೆಗೆಯೆಂದರೆ ತೆರೆಯುವುದೋ, ಅಳಿಸುವುದೋ? ಇವಕ್ಕೆ ಸಂದೇಹಕ್ಕೆಡೆಯಿಲ್ಲದ ಹೆಸರುಗಳನ್ನು ವಿದ್ಯಾರ್ಥಿಗಳು ತಾವೇ ಆರಿಸಿ ನೋಡಲಿ.