ಕೂತು ನೋಡು, ಆಮೇಲೆ ಗೀಚು

ತಮ್ಮಾ, ನೀನು ಬಿಟ್ಟುಹೋದ ಚಿತ್ರಗಳ ಕಟ್ಟು ಬಿಚ್ಚಿ ನಿಧಾನವಾಗಿ ನೋಡಿದೆ. ಕೈ ಚೆನ್ನಾಗಿದೆ. ಬಣ್ಣದ ಹದ ನಿನಗೆ ಹುಟ್ಟಿನಿಂದಲೇ ಬಂದಿದೆ, ಅದನ್ನು ಯಾವ ಮಾಸ್ತರನೂ ಕಲಿಸಲಾರ. ಅಷ್ಟು ಒಪ್ಪಿಕೊಂಡ ಮೇಲೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಔರಾದ್ ಸೀಮೆಯ ಹಳ್ಳಿಯಲ್ಲಿ ಅಷ್ಟೊಂದು ತೆಂಗಿನ ಮರ ಯಾವಾಗ ಬೆಳೆದವು?

ಮಕ್ಕಳ ಪುಸ್ತಕಕ್ಕೆ ನಮ್ಮೂರ ಕಥೆ, ಚಿತ್ರ ನಿನ್ನದು. ಅಂದಮೇಲೆ ಬೇವಿನ ಮರ ಎಲ್ಲಿ ಹೋಯಿತು? ಹುಣಸೆ, ಜಾಲಿ, ಹೊಲದ ಬದುವಿನ ಸೀತಾಫಲ ಎಲ್ಲಿ? ಮನೆಗೆ ಇಳಿಜಾರು ಹಂಚಿನ ಮಾಡು ಹೊದಿಸಿದ್ದೀ. ನಮ್ಮಲ್ಲಿ ಮಾಳಿಗೆ ಮನೆ, ಮೇಲೆ ಹಪ್ಪಳ ಒಣಗಿಸಲು, ಬೇಸಿಗೆಯಲ್ಲಿ ಮಲಗಲು ಸಪಾಟಾದ ಜಾಗ. ಕರಾವಳಿಯಲ್ಲಿ ಮಳೆ ಜೋರು, ನೀರು ಜಾರಿ ಹೋಗಬೇಕು, ಅದಕ್ಕೆ ಇಳಿಜಾರು. ನಮ್ಮ ಬಿಸಿಲಿಗೆ ದಪ್ಪ ಗೋಡೆ, ಮಣ್ಣಿನ ಮಾಳಿಗೆ. ಮಾಡಿನ ಆಕಾರಕ್ಕೆ ಕಾರಣ ಇರುತ್ತದೆ. ಕಾರಣ ಗೊತ್ತಿದ್ದವನ ಕೈ ತಪ್ಪುವುದಿಲ್ಲ.

ಎತ್ತುಗಳನ್ನು ನೋಡಿ ನಗು ತಡೆಯಲಾಗಲಿಲ್ಲ. ಉದ್ದಕ್ಕೆ ಹಿಂದೆ ಬಾಗಿದ ಚೂಪು ಕೊಂಬು ಬರೆದಿದ್ದೀಯಲ್ಲ, ಅದು ಮಂಡ್ಯ, ತುಮಕೂರು ಕಡೆಯ ಹಳ್ಳಿಕಾರ. ನಮ್ಮದು ದೇವಣಿ. ಭಾರೀ ಮೈಕಟ್ಟು, ಜೋತುಬಿದ್ದ ಕಿವಿ. ಅದರಲ್ಲೂ ವಾನ್ನೇರ ಎಂದರೆ ಮೈ ಬಿಳಿ, ಮುಖಕ್ಕೆ ಕಪ್ಪು. ಶೇವೇರ ಎಂದರೆ ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆ. ನಿನ್ನ ಪುಸ್ತಕವನ್ನು ಓದುವ ಔರಾದಿನ ಹುಡುಗನಿಗೆ ಇದೆಲ್ಲ ಬಾಯಿಪಾಠ. ಅವನು ಮೊದಲ ಪುಟದಲ್ಲೇ ನಿನ್ನನ್ನು ಹಿಡಿದುಹಾಕುತ್ತಾನೆ.

ಇನ್ನು ಆ ಹೆಣ್ಣುಮಗಳು ಲಟ್ಟಣಿಗೆ ಹಿಡಿದು ಜೋಳದ ರೊಟ್ಟಿ ಲಟ್ಟಿಸುತ್ತಿದ್ದಾಳೆ! ನಿಮ್ಮವ್ವ ನೋಡಿದರೆ ಆ ಲಟ್ಟಣಿಗೆಯಿಂದಲೇ ನಿನಗೆ ಎರಡು ಬಿಟ್ಟಾಳು. ದಿನಾ ಎರಡು ಹೊತ್ತು ಉಣ್ಣುತ್ತೀ, ಅದು ಹೇಗೆ ಆಗುತ್ತದೆ ಎಂದು ಒಂದು ದಿನವಾದರೂ ಒಲೆಯ ಮುಂದೆ ಕೂತು ನೋಡಿಲ್ಲವಲ್ಲ! ಬಲಗೈ ಬಡಿಯುತ್ತದೆ, ಎಡಗೈ ಅಂಚು ಕಾಯುತ್ತದೆ, ಹಿಟ್ಟು ಪರಾತದಲ್ಲಿ ತಾನೇ ತಿರುಗುತ್ತದೆ. ಬಳೆಗಳು ಮೊಣಕೈಯತ್ತ ಸರಿದಿರುತ್ತವೆ. ಹಣೆಯ ಕೂದಲನ್ನು ಮುಂಗೈ ಹಿಂಭಾಗದಿಂದ ಸರಿಸುತ್ತಾರೆ, ಬೆರಳಿಗೆ ಹಿಟ್ಟು ಮೆತ್ತಿರುತ್ತದಲ್ಲ. ಇಷ್ಟು ಕಂಡವನಿಗೆ ಚಿತ್ರ ಮುಕ್ಕಾಲು ಮುಗಿದಂತೆ.

ಎಲ್ಲಿ ಎಡವಿದ್ದೀ ಅಂತ ನನಗೆ ಗೊತ್ತು. ಮೊಬೈಲಿನಲ್ಲಿ ‘ಹಳ್ಳಿ’ ಎಂದು ಹುಡುಕಿದ್ದೀ, ಬಂದದ್ದನ್ನು ನೋಡಿ ಬರೆದಿದ್ದೀ. ಭಾಲ್ಕಿಯಲ್ಲಿ ಹುಟ್ಟಿ ಬೆಳೆದವನಿಗೆ ಹಿತ್ತಿಲ ಬಾಗಿಲು ತೆರೆದರೆ ಸಾಕಿತ್ತು. ಈಗ ಬಾಯಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಯಂತ್ರಗಳೂ ಬಂದಿವೆ, ನಮ್ಮ ಹೊಟ್ಟೆಪಾಡು ಹೋಯಿತು ಎಂದು ಮೊನ್ನೆ ಮುಖ ಸಪ್ಪೆ ಮಾಡಿಕೊಂಡಿದ್ದೆಯಲ್ಲ. ಯಾರ್ಯಾರೋ ಎಂದೋ ಬರೆದಿಟ್ಟದ್ದನ್ನು ನೋಡಿ ಕಲಿತ ಯಂತ್ರ ಅದು. ದೇವಣಿ ಎತ್ತಿನ ಕಿವಿ, ನಿಮ್ಮವ್ವನ ಎಡಗೈ ಇವನ್ನೆಲ್ಲ ಯಾರೂ ಬರೆದಿಡದಿದ್ದರೆ ಅದಕ್ಕೆ ಎಲ್ಲಿಂದ ಸಿಗಬೇಕು? ಬರೆದಿಡಬೇಕಾದವನು ನೀನು. ಅವಸರ ಮಾಡುವ ಹೊತ್ತಲ್ಲ ಇದು.

ಬಣ್ಣದ ವಿಷಯಕ್ಕೆ ಬಾ. ಬೀದರ್ ಊರು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ ಕೂತಿದೆ. ಕೋಟೆಯ ಮೂರು ಸುತ್ತಿನ ಕಂದಕವನ್ನು ಆ ಕಲ್ಲಿನಲ್ಲೇ ಕಡಿದಿದ್ದಾರೆ. ಅಲ್ಲಿಂದ ರೈಲು ಹತ್ತಿ ಭಾಲ್ಕಿ, ಕಮಲನಗರದ ಕಡೆ ಹೊರಡು. ದಾರಿಯಲ್ಲೇ ಮಣ್ಣು ಕಪ್ಪಾಗುತ್ತದೆ, ತೊಗರಿ, ಸೋಯಾ ಹೊಲ ಶುರುವಾಗುತ್ತವೆ. ನೀನು ಎರಡಕ್ಕೂ ಒಂದೇ ಕಂದು ಬಣ್ಣ ಬಳಿದಿದ್ದೀ. ಕಿಟಕಿ ಪಕ್ಕದ ಸೀಟು ಸಿಕ್ಕಾಗ ಮೊಬೈಲು ಜೇಬಿಗೆ ಹಾಕು.

ನಿನ್ನ ಕೈಗೆ ಒಳ್ಳೆಯ ಪಾಠ ಬೇಕಿದ್ದರೆ ಬೀದರಿನ ಚೌಬಾರಾ ಹತ್ತಿರದ ಬಿದರಿ ಕೆಲಸದವರ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕೂರು. ದುಡ್ಡು ಕೇಳುವುದಿಲ್ಲ, ಚಹಾನೇ ಕುಡಿಸುತ್ತಾರೆ. ಹೆಚ್ಚು ಸತು, ಅದಕ್ಕೆ ಒಂಚೂರು ತಾಮ್ರ, ಅಂದಾಜು 16ಕ್ಕೆ 1, ಹೀಗೆ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಬರಿಗೈಯಲ್ಲಿ ಹೂಬಳ್ಳಿ ಗೀರುತ್ತಾರೆ. ಅಡಿಪಟ್ಟಿ ಇಲ್ಲ, ರಬ್ಬರಿಲ್ಲ, ನಿನ್ನ ಟ್ಯಾಬಿನಲ್ಲಿರುವ ‘ಅಂಡೂ’ ಗುಂಡಿಯಂತೂ ಇಲ್ಲವೇ ಇಲ್ಲ. ಆಮೇಲೆ ಚಾಣದಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ತಂತಿಯದು ತಾರಕಶಿ, ತಗಡಿನದು ತೆಹ್ನಿಶಾನ್. ಕೊನೆಗೆ ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಹಳೆಯ ಮಣ್ಣು. ಅದಕ್ಕೆ ನವಸಾಗರ ಬೆರೆಸಿ ಹಚ್ಚಿದರೆ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ.

ಇದರಲ್ಲಿ ನಿನಗೆ ಬೇಕಾದ್ದು ಆ ಗೀರುವ ಗಳಿಗೆ. ಗೀರುವವನ ಕಣ್ಣ ಮುಂದೆ ಕೊರೆಯುವವನು ಇರುತ್ತಾನೆ. ಎರಡು ಗೆರೆ ತೀರಾ ಒತ್ತಿದರೆ ಚಾಣಕ್ಕೆ ಜಾಗವಿಲ್ಲ. ಬಳ್ಳಿ ಎಲ್ಲೋ ಸುಮ್ಮನೆ ತುಂಡಾದರೆ ತಂತಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಅಲ್ಲಿ ಪುಕ್ಕಟೆ ಗೆರೆ ಎಂಬುದಿಲ್ಲ, ಒಂದೊಂದಕ್ಕೂ ಬೆಳ್ಳಿ ಬೀಳುತ್ತದೆ. ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಜೀವಮಾನವಿಡೀ ಮಾಡಿದ ಕೆಲಸಕ್ಕೆ ಬಂದ ಗೌರವ ಅದು. ನೀನು ಒಂದು ಸಂಜೆಯಲ್ಲಿ ಐದು ಚಿತ್ರ ಮುಗಿಸಿದೆ ಎಂದು ಹೇಳಿಕೊಳ್ಳುತ್ತೀಯಲ್ಲ, ಆ ಐದರಲ್ಲಿ ಬೆಳ್ಳಿ ತುಂಬುವಂಥ ಗೆರೆ ಎಷ್ಟಿವೆ, ನೀನೇ ಎಣಿಸಿ ನೋಡು.

ನಿನ್ನಿಂದ ಬೋರ್ಡು ಬರೆಸುತ್ತಿರುವ ಅಂಗಡಿಯವನ ಮೇಲೆ ನಿನಗೆ ಸಿಟ್ಟು ಬಂದಿದೆ ಅಂತ ಕೇಳಿದೆ. “ಚಿತ್ರ ಸಣ್ಣ ಮಾಡು, ಅಕ್ಷರ ದೊಡ್ಡ ಮಾಡು” ಅಂದನಂತೆ. ಅಂದರೇನಾಯಿತು? ಅವನ ಗಿರಾಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ರಸ್ತೆಯ ಆ ಬದಿಯಿಂದ ನೋಡುತ್ತಾನೆ. ನಾನು ಬೋರ್ಡು ಬರೆದೇ ಮಕ್ಕಳನ್ನು ಸಾಕಿದವನು, ಕೇಳು. ಬರೆಯುವಾಗ ಏಣಿಯ ಮೇಲೆ ಅಕ್ಷರಕ್ಕೆ ಮೂಗು ತಾಗಿಸಿಕೊಂಡು ನಿಂತಿರುತ್ತೇವೆ, ಓದುವವನು ರಸ್ತೆಯ ಆಚೆ ಇರುತ್ತಾನೆ. ಇಳಿಯಬೇಕು, ರಸ್ತೆ ದಾಟಬೇಕು, ನೋಡಬೇಕು, ಮತ್ತೆ ಹತ್ತಬೇಕು. ಕಾಲು ನೋಯುತ್ತದೆ. ನೋಯಲಿ.

ಬೀದರಿನಲ್ಲಿ ಮಹಮೂದ್ ಗವಾನನ ಮದ್ರಸಾ ಮುಂದೆ ನಿಂತು ನೋಡು. 1472ರಲ್ಲಿ ಮುಗಿದ ಕಟ್ಟಡ. ಮುಂದಿನ ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ. ಮೊಗಲರ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಭಾಗವೇ ಹಾರಿಹೋಯಿತು. ಹೆಂಚಿನ ಬಣ್ಣ ಬಹಳಷ್ಟು ಉದುರಿದೆ. ಇಷ್ಟಾದರೂ ಮೇಲಿನ ಆ ಅಕ್ಷರದ ಪಟ್ಟಿ ಕಣ್ಣಿಗೆ ಹಿಡಿಯುತ್ತದೆ. ಯಾಕೆ? ನೆಲದ ಮೇಲೆ ನಿಂತು ತಲೆಯೆತ್ತುವವನಿಗೆ ಬೇಕಾದ ಅಳತೆ ಅದಕ್ಕಿದೆ. ಬರೆದವನು ತನ್ನ ಕಣ್ಣಿಗೆ ಬರೆಯಲಿಲ್ಲ, ಕೆಳಗೆ ನಿಂತ ನಿನ್ನ ಕಣ್ಣಿಗೆ ಬರೆದ. ಐನೂರು ವರ್ಷ ದಾಟಿದರೂ ಅವನ ಲೆಕ್ಕ ತಪ್ಪಿಲ್ಲ. ನಿನ್ನ ಅಂಗಡಿಯವನು ಕೇಳಿದ್ದೂ ಇದನ್ನೇ.

ನಮ್ಮ ಜಿಲ್ಲೆಯಲ್ಲಿ ಬೋರ್ಡು ಬರೆಯುವುದು ಸಸಾರದ ಕೆಲಸವಲ್ಲ. ಒಂದೇ ತಗಡಿನ ಮೇಲೆ ಕನ್ನಡ ಎಡದಿಂದ ಬರುತ್ತದೆ, ಉರ್ದು ಬಲದಿಂದ ಬರುತ್ತದೆ, ಔರಾದ್ ಕಡೆ ಹೋದರೆ ಮರಾಠಿಯವರು ತಲೆಕಟ್ಟಿನ ಗೆರೆ ಎಳೆದು ಅಕ್ಷರ ತೂಗುಹಾಕುತ್ತಾರೆ. ಕನ್ನಡಕ್ಕೆ ಕೆಳಗೆ ಒತ್ತಕ್ಷರಕ್ಕೆ ಜಾಗ ಬಿಡಬೇಕು. ನೀನು ಕಂಪ್ಯೂಟರಿನಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುವಂತೆ ಮಾಡಿದ್ದೀ. ಇಂಗ್ಲಿಷಿನ ಅಳತೆಯ ಅಂಗಿಯನ್ನು ಕನ್ನಡಕ್ಕೆ ತೊಡಿಸಿದ ಹಾಗಾಗಿದೆ, ತೋಳು ಬಿಗಿ.

ಬೋರ್ಡು ಅಂದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನೆನಪಾಗದೆ ಇರುತ್ತಾರೆಯೇ? ನಿಜಾಮರ ಕಾಲ. ಶಾಲೆಯಲ್ಲಿ, ಕಚೇರಿಯಲ್ಲಿ ಎಲ್ಲೆಲ್ಲೂ ಉರ್ದುವಿನದೇ ದರ್ಬಾರು. ಅವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಬೀದರ್ ಕನ್ನಡ ರಾಜ್ಯಕ್ಕೆ ಸೇರುವ ಹೊತ್ತಿಗೆ ಇಲ್ಲಿ ಕನ್ನಡ ಓದಬಲ್ಲ ಮಂದಿ ಉಳಿದಿದ್ದರೆ ಅದರಲ್ಲಿ ಅವರ ಬೆವರು ದೊಡ್ಡದು. ಉರ್ದುವಿನ ಮೇಲೆ ಹಗೆ ಇಟ್ಟುಕೊಂಡು ಈ ಮಾತು ಹೇಳುತ್ತಿಲ್ಲ, ಅದು ನನ್ನ ಕುಂಚಕ್ಕೆ ಒಲಿದ ಚೆಲುವಾದ ಲಿಪಿ. ಆದರೆ ಕನ್ನಡದ ಒಂದು ಅಕ್ಷರವನ್ನು ನೀನು ಸೊಟ್ಟಗೆ ಬರೆದಾಗ, ಅದನ್ನು ಉಳಿಸಲು ಯಾರು ಏನು ಪಾಡುಪಟ್ಟರು ಎಂಬುದು ನೆನಪಿರಲಿ.

ದೊಡ್ಡವರ ಚಿತ್ರಗಳನ್ನೂ ನೋಡು, ಕದಿಯಲು ಅಲ್ಲ. ಪಕ್ಕದ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದವರು. ಅವರ ದೇವರುಗಳಿಗೆ ಮೂಳೆ, ಮಾಂಸ, ತೂಕ ಇದೆ. ನೆಲದ ಮೇಲೆ ಕಾಲೂರಿ ನಿಂತಿದ್ದಾರೆ ಅನ್ನಿಸುತ್ತದೆ. ಮನುಷ್ಯನ ಮೈಯನ್ನು ಮೊದಲು ಓದಿ, ಆಮೇಲೆ ದೇವರಿಗೆ ಕಿರೀಟ ಇಟ್ಟವರು ಅವರು. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಕುಣಿತದ ರೇಖೆಗಳನ್ನು ನೀನು ನೋಡಿರುತ್ತೀ. ಒಂದೇ ಎಳೆತದಲ್ಲಿ ಸೊಂಟ, ತೋಳು, ಹೆಜ್ಜೆ ಎಲ್ಲ ಬಂದುಬಿಡುತ್ತವೆ. ನೀನೂ ಹಾಗೇ ಒಂದೇ ಎಳೆತದಲ್ಲಿ ಎಳೆಯಲು ಹೊರಟಿದ್ದೀ, ಸಂತೋಷ. ಆದರೆ ಲಯ ಅಂದರೇನು ಎಂದು ತಿಳಿಯಲು ಹೆಬ್ಬಾರರು ಚಿತ್ರಕಾರರಾದ ಮೇಲೂ ಕಥಕ್ ಕಲಿತರು, ಗೊತ್ತೇ? ಕಾಲು ಕಲಿತದ್ದು ಕೈಗೆ ಬಂತು. ನಿನಗೆ ಕುಣಿಯಲು ಹೇಳುತ್ತಿಲ್ಲ. ರೈತನ ಚಿತ್ರ ಬರೆಯುವ ಮೊದಲು ಒಂದು ಹೊತ್ತು ಕಳೆ ಕಿತ್ತು ಬಾ ಅನ್ನುತ್ತಿದ್ದೇನೆ. ಸೊಂಟ ಎಲ್ಲಿ ಬಾಗುತ್ತದೆ ಎಂದು ಸೊಂಟವೇ ಹೇಳುತ್ತದೆ.

ಅಷ್ಟೂರಿಗೆ ಹೋಗಿದ್ದೆ, ಅಹ್ಮದ್ ಶಾ ವಲಿಯ ಗುಮ್ಮಟದಲ್ಲಿ ಏನೂ ಕಾಣಲಿಲ್ಲ, ಕತ್ತಲೆ ಎಂದೆಯಲ್ಲ. ಎಷ್ಟು ಹೊತ್ತು ನಿಂತಿದ್ದೆ? ಬಿಸಿಲಿನಿಂದ ಒಳಗೆ ಕಾಲಿಟ್ಟು, ಮೊಬೈಲ್ ಎತ್ತಿ ಒಂದು ಫೋಟೊ ಹೊಡೆದು ಹೊರಬಿದ್ದಿರುತ್ತೀ. ಮತ್ತೊಮ್ಮೆ ಹೋಗು. ಗೋಡೆಗೆ ಒರಗದೆ ಸುಮ್ಮನೆ ನಿಲ್ಲು. ಕಣ್ಣು ಕತ್ತಲಿಗೆ ಹೊಂದಿಕೊಂಡ ಹಾಗೆ ಮೊದಲು ಕೆಂಪು ಏಳುತ್ತದೆ, ಆಮೇಲೆ ಚಿನ್ನದ ಬಣ್ಣ, ಆಮೇಲೆ ಬಳ್ಳಿ, ಅಕ್ಷರ. ಹಾಗೇ ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪು ಒಂದು ಹೆಜ್ಜೆ ಎಡಕ್ಕೆ ಸರಿದರೆ ಮಂಕು, ಬಲಕ್ಕೆ ಸರಿದರೆ ಮಿಂಚು. ಫೋಟೊದಲ್ಲಿ ಇದು ಸಿಗುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗುತ್ತಾರಲ್ಲ, ಆ ದಿನ ನಿನ್ನ ಪುಟ್ಟ ವಹಿ ಜೊತೆಗಿರಲಿ. ಜೋಳದ ದಂಟಿನ ಗುಡಿಸಲು, ಪೂಜೆಗಿಟ್ಟ ಕಲ್ಲುಗಳು, ಭಜ್ಜಿ, ಕಡುಬು, ಅಂಬಲಿ, ತಲೆಗೆ ಟೋಪಿ ಏರಿಸಿದ ಮುತ್ಯಾಗಳು. ಮೊದಲು ಉಣ್ಣು. ಹಸಿದವನ ಗೆರೆ ನಡುಗುತ್ತದೆ. ಆಮೇಲೆ ಬರೆಯಲು ಕೂತರೆ ಮಂದಿ ಸುತ್ತುಗಟ್ಟುತ್ತಾರೆ, “ನಂದೂ ತೆಗಿ” ಅನ್ನುತ್ತಾರೆ. ತೆಗಿ. ಯಾವುದೋ ಆಯಿ ಬಂದು “ನನ್ನ ಮೂಗುತಿ ಎಲ್ಲಿ ಹೋತೋ?” ಎಂದು ಕೇಳುತ್ತಾಳೆ. ಇಟ್ಟುಕೊಡು. ಅವಳಿಗಿಂತ ಖಡಕ್ಕಾದ ವಿಮರ್ಶಕಿ ನಿನಗೆ ಬೆಂಗಳೂರಿನಲ್ಲಿ ಸಿಗಲಾರಳು. ಆ ಹಾಳೆಯನ್ನು ಅವಳೇ ಕೇಳಿದರೆ ಹರಿದು ಕೊಟ್ಟುಬಿಡು. ಕಂಡದ್ದು ನಿನ್ನ ಕಣ್ಣಲ್ಲಿ ಇದ್ದೇ ಇರುತ್ತದೆ.

ಇನ್ನು ದುಡ್ಡು. ನಾಚಿಕೆ ಬಿಟ್ಟು ಕೇಳು. ಕೆಲಸ ಶುರು ಮಾಡುವ ಮೊದಲು ಅರ್ಧ ಮುಂಗಡ, ಎಷ್ಟು ಸಲ ತಿದ್ದಿಕೊಡುತ್ತೀ ಎಂಬುದು ಕಾಗದದ ಮೇಲೆ. “ಹೆಸರಾಗುತ್ತದೆ, ಪುಕ್ಕಟೆ ಮಾಡಿಕೊಡು” ಎನ್ನುವವರಿಗೆ ಕೈ ಮುಗಿದು ಎದ್ದು ಬಾ. ಸರ್ಕಾರಿ ಶಾಲೆಯ ಮಾಸ್ತರು ಮಕ್ಕಳಿಗಾಗಿ ಒಂದು ಗೋಡೆ ಬರೆದುಕೊಡು ಅಂದರೆ ಮಾತ್ರ ಬಣ್ಣದ ಖರ್ಚಷ್ಟೇ ತಗೋ, ದಿನಾ ನೂರು ಮಕ್ಕಳು ನೋಡುವ ಗೋಡೆ ಯಾರಿಗೆ ಸಿಗುತ್ತದೆ?

ಸೋದರತ್ತೆಯ ಮಗಳ ಲಗ್ನಪತ್ರಿಕೆ ಒಪ್ಪಿಕೊಂಡಿದ್ದೀಯಂತೆ. ಅದು ಮನೆಯ ಕೆಲಸ, ದುಡ್ಡಿನ ಮಾತು ಎತ್ತಬೇಡ, ಆದರೆ ಬಿಟ್ಟಿ ಕೆಲಸವೆಂದು ಕೈ ಸಡಿಲ ಬಿಡಲೂಬೇಡ. ಬಳ್ಳಿ, ನವಿಲು ಆಮೇಲೆ ನೋಡೋಣ. ಬೀಗರ ಊರು, ಹೆಸರು, ಅಡ್ಡಹೆಸರು, ಯಾರ ಹೆಸರಿನ ಮುಂದೆ ಲಿಂಗೈಕ್ಯ, ಯಾರ ಮುಂದೆ ಶ್ರೀ, ಇದೆಲ್ಲ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಓದಿಸು. ಅವಳು ಎರಡು ಸಲ ಹೂಂ ಅಂದ ಮೇಲೆಯೇ ಅಚ್ಚಿಗೆ ಕಳಿಸು.